ಇಪ್ಪತ್ತೆರಡನೆಯ ನಿಮಿಷ

ಒಂದೇ ಒಂದು ಚಳಿಗಾಲದಲ್ಲಿ ನೂರಪ್ಪ ಹನ್ನೆರಡು ಸಾವಿರ ಜನರ ಬೆರಳುಗಳನ್ನು ಅಳೆದು ಮುಗಿಸಿದ. ಹನ್ನೆರಡು ಸಾವಿರ ಜನ ಅಂದರೆ ಒಂದು ಲಕ್ಷದ ಇಪ್ಪತ್ತು ಸಾವಿರ ಬೆರಳು ಆಗಬೇಕು. ಲೆಕ್ಕದಲ್ಲಿ ಒಂದು ಹೆಚ್ಚು ಬಂತು. ಅನ್ನ ನೀರು ಬಿಟ್ಟು ಮೊದಲಿನಿಂದ ಮತ್ತೆ ಎಣಿಸಿದ. ಆಗ ಗೊತ್ತಾಯಿತು, ಸಾಲಿನ ಕಟ್ಟಕಡೆಗೆ ನಿಂತಿದ್ದ ಮುದುಕನಿಗೆ ಬಲಗೈಯಲ್ಲಿ ಆರು ಬೆರಳು. ಆ ಹೆಚ್ಚಿನ ಬೆರಳನ್ನೂ ನೂರಪ್ಪ ಬಿಡಲಿಲ್ಲ. ಅದನ್ನೂ ಚಳಿಗೆ ಒಡ್ಡಿ, ಅದರ ಶಾಖ ಎಷ್ಟು ಹೊತ್ತಿಗೆ ಎಷ್ಟು ಇಳಿಯಿತು ಎಂದು ಬರೆದುಕೊಂಡ. ಸಾಲು ಎಷ್ಟು ಉದ್ದವಿತ್ತೆಂದರೆ, ತುದಿಯಲ್ಲಿ ನಿಂತವನು ಬಾಗಿಲು ತಲುಪುವ ಹೊತ್ತಿಗೆ ಅವನ ಉಗುರು ಎರಡು ಸಲ ಕತ್ತರಿಸುವಷ್ಟು ಬೆಳೆದಿತ್ತು.

ಇದು ನೂರಪ್ಪ ಹೇಳುತ್ತಿದ್ದ ರೀತಿ. ಹುಟ್ಟಿದಾಗ ಇಟ್ಟ ಹೆಸರು ಬೇರೆ. ಇವನ ಬಾಯಿಗೆ ಬಿದ್ದ ಹತ್ತು ನೂರಾಗಿಯೇ ಹೊರಗೆ ಬರುತ್ತದೆ ಎಂದು ಪ್ರಯೋಗಾಲಯದವರು ನೂರಪ್ಪ ಎಂದು ಕರೆದರು, ಅದೇ ನಿಂತಿತು. ಅವರ ಲೆಕ್ಕವೂ ಕಡಿಮೆಯೇ. ಕಂಪನಿಗೆ ಅವನು ಒಪ್ಪಿಸಿದ ವರದಿಯಲ್ಲಿ ಇದ್ದದ್ದು ಹನ್ನೆರಡು ಸಾವಿರ ಜನರಲ್ಲ, ಬರೀ ಹನ್ನೆರಡು ಜನ. ಆದರೆ ಬಾಯಿ ಬೇರೆ, ಕಾಗದ ಬೇರೆ ಎಂಬುದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಅವನ ಕಸುಬು ಬೆರಳಿನದು. ಚಳಿಯಲ್ಲಿ ದುಡಿಯುವವರಿಗೆ ಕೈಗವಸು ಮಾಡುವ ಕಂಪನಿ ಅದು. ಅಲ್ಲಿ ಕೂತು ನೂರಪ್ಪ ಕಂಪ್ಯೂಟರಿನೊಳಗೆ ಒಂದು ಬೆರಳು ಬೆಳೆಸಿದ್ದ. ನಡುವೆ ಮೂಳೆ, ಅದರ ಸುತ್ತ ಮಾಂಸ, ಅದರ ಮೇಲೆ ಚರ್ಮ, ಚರ್ಮದ ಮೇಲೆ ಉಣ್ಣೆ, ಉಣ್ಣೆಯ ಮೇಲೆ ರಬ್ಬರು, ಆಮೇಲೆ ಕೊರೆಯುವ ಗಾಳಿ. ಈರುಳ್ಳಿಯ ಹಾಗೆ ಪದರ ಪದರ. ರಕ್ತ ಎಂಬುದು ಅಂಗೈ ಕಡೆಯಿಂದ ಬರುವ ಬಿಸಿನೀರಿನ ನಲ್ಲಿ. ಪ್ರತಿ ಸೆಕೆಂಡಿಗೆ ನಲ್ಲಿಯಿಂದ ಎಷ್ಟು ಶಾಖ ಬಂತು, ಚರ್ಮದಿಂದ ಎಷ್ಟು ಸೋರಿತು ಎಂದು ಕಂಪ್ಯೂಟರು ಕೂಡಿ ಕಳೆಯುತ್ತಿತ್ತು. "ಬೆರಳು ಅಂದ್ರೆ ದುಂದುಗಾರ ಅಳಿಯ ಇದ್ದ ಹಾಗೆ. ಹೊಟ್ಟೆ ಚಿಕ್ಕದು, ಮೈ ದೊಡ್ಡದು. ಕೊಟ್ಟಿದ್ದನ್ನೆಲ್ಲ ಹೊರಗೆ ಸುರೀತಾನೆ" ಎಂದು ಅವನು ಬಂದವರಿಗೆಲ್ಲ ವಿವರಿಸುತ್ತಿದ್ದ. ಚರ್ಮ ಹದಿನೈದು ಡಿಗ್ರಿಗೆ ಇಳಿದರೆ ಬೆರಳು ಮೊದ್ದಾಗುತ್ತದೆ. ಏಳಕ್ಕೆ ಇಳಿದರೆ ಅದು ತನ್ನದೋ ಪಕ್ಕದವರದೋ ಎಂಬುದೇ ಗೊತ್ತಾಗುವುದಿಲ್ಲ. ಅದಕ್ಕೂ ಕೆಳಗೆ ಹೋದರೆ ಬೆರಳು ಮನುಷ್ಯನನ್ನು ಬಿಟ್ಟು ಹೋಗುವ ಯೋಚನೆ ಮಾಡುತ್ತದೆ.

ಇಷ್ಟೆಲ್ಲ ಕೂಡಿ ಕಳೆದು, ಆ ಹನ್ನೆರಡು ಜನರ ಅಳತೆಗೆ ಹೋಲಿಸಿ ನೂರಪ್ಪ ಕೊಟ್ಟದ್ದು ಒಂದೇ ಒಂದು ಅಂಕಿ: ಐವತ್ತು. ಹೊಸ ಕೈಗವಸು ತೊಟ್ಟವರು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಐವತ್ತು ನಿಮಿಷ ಧಾರಾಳವಾಗಿ ಕೆಲಸ ಮಾಡಬಹುದು. ಹಿಂದೆ ಅದು ಮೂವತ್ತಿತ್ತು.

ಕಂಪನಿಯವರು ಆ ಐವತ್ತನ್ನು ಮೊದಲು ಒಂದೇ ಕಡೆ ಹಚ್ಚಿ ನೋಡಿದರು. ಊರ ಹೊರಗಿನ ಮೀನಿನ ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ ದಪ್ಪ ಅಕ್ಷರದ ಹಲಗೆ ಬಿತ್ತು. ಒಂದು ತಿಂಗಳು ತಕರಾರು ಬರದಿದ್ದರೆ ಬರುವ ಶನಿವಾರ ಅದೇ ಹಲಗೆ ಇನ್ನೂ ನಲವತ್ತು ಕೋಲ್ಡ್ ಸ್ಟೋರೇಜುಗಳಿಗೆ ಹೋಗುತ್ತದೆ. ಸೋಮವಾರದವರೆಗೆ ತಕರಾರು ಬಂದಿರಲಿಲ್ಲ.

ಸೋಮವಾರ ಸಂಜೆ ತಕರಾರು ಬಂತು. ಬಂದದ್ದು ನೂರಪ್ಪನ ಸ್ವಂತ ಅಕ್ಕನ ರೂಪದಲ್ಲಿ.

ಅಕ್ಕ ಅದೇ ಕೋಲ್ಡ್ ಸ್ಟೋರೇಜಿನಲ್ಲಿ ಹದಿನಾರು ವರ್ಷದಿಂದ ಮೀನಿನ ಪೆಟ್ಟಿಗೆಗೆ ಟೇಪು ಹಚ್ಚುವವಳು. ಬಂದವಳು ಚಪ್ಪಲಿ ಬಿಡುವ ಮೊದಲೇ ಬಲಗೈಯನ್ನು ತಮ್ಮನ ಮೂಗಿನ ಕೆಳಗೆ ಹಿಡಿದಳು.

"ನೋಡು."

ತೋರುಬೆರಳು, ನಡುಬೆರಳು ಎರಡರ ತುದಿಯೂ ಮೇಣದ ಹಾಗೆ ಬೆಳ್ಳಗಿತ್ತು. ನೂರಪ್ಪ ಒತ್ತಿ ನೋಡಿದ. ಒತ್ತಿದ ಗುಳಿ ತುಂಬಲಿಲ್ಲ.

"ನೋವಾಯ್ತಾ?"

"ಒತ್ತಿದ್ದೇ ಗೊತ್ತಾಗಲಿಲ್ಲ. ನಿನ್ನೆ ಸೂಜಿಗೆ ದಾರ ಪೋಣಿಸೋಕೆ ಹೋದೆ, ಸೂಜಿ ಬೆರಳಿಗೆ ಪೋಣಿಸಿಕೊಂಡಿತ್ತು. ರಕ್ತ ಕಂಡಮೇಲೆ ಗೊತ್ತಾಯ್ತು. ಡಾಕ್ಟ್ರು ಹೇಳಿದಾರೆ, ಇನ್ನೊಂದು ಸಲ ಹೀಗಾದ್ರೆ ತುದಿ ಉಳಿಯೋದು ಕಷ್ಟ ಅಂತ. ನಿನ್ನ ಐವತ್ತು ನಿಮಿಷದ ಪ್ರಸಾದ ಕಣೋ ಇದು."

"ಸಾಧ್ಯನೇ ಇಲ್ಲ."

"ಬೆರಳು ನಿನ್ನ ಮುಂದೇನೇ ಇದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೋ?"

"ಲೆಕ್ಕ ತಪ್ಪೋಕೆ ಚಾನ್ಸೇ ಇಲ್ಲ ಅಕ್ಕ. ಹನ್ನೆರಡು ಸಾವಿರ ಜನರನ್ನ..."

"ಸಾಕು ಸಾಕು. ಆ ಆರು ಬೆರಳಿನ ಮುದುಕನ ಕಥೆ ನನಗೆ ಬೇಡ. ನಾನು ನಾಳೆ ಒಳಗೆ ಹೋಗಬೇಕು. ಹೋಗಲೋ ಬೇಡವೋ ಅಷ್ಟು ಹೇಳು."

ನೂರಪ್ಪನ ತಲೆಯಲ್ಲಿ ಆಗಲೇ ಅನುಮಾನ ಗೂಡು ಕಟ್ಟಲು ಶುರು ಮಾಡಿತ್ತು. ಅಂಕಿ ತಪ್ಪಲಾರದು. ಅಂಕಿ ತಪ್ಪದಿದ್ದರೆ ಮತ್ತೇನೋ ತಪ್ಪಿರಬೇಕು. ಮತ್ತೇನೋ ಎಂದರೆ ಮತ್ತ್ಯಾರೋ.

ಮೊದಲು ಕಣ್ಣು ಬಿದ್ದದ್ದು ಅಕ್ಕನ ಮೇಲೆಯೇ.

"ಅಕ್ಕ, ನಿಜ ಹೇಳು. ಒಳಗೆ ಗವಸು ಬಿಚ್ಚಿ ಫೋನ್ ನೋಡ್ತೀಯ ತಾನೆ?"

"ಫೋನು ಹೊರಗಡೆ ಲಾಕರಲ್ಲಿರತ್ತೆ."

"ಟೇಪಿನ ತುದಿ ಸಿಗಲ್ಲ ಅಂತ ಉಗುರಲ್ಲಿ ಕೆದಕೋಕೆ ಬಿಚ್ಚಿರ್ತೀಯ."

"ಹದಿನಾರು ವರ್ಷದಿಂದ ಗವಸಲ್ಲೇ ಕೆದಕ್ತಿದೀನಿ. ನೀನು ಗವಸು ಇಲ್ದೇನೇ ಹಾಲಿನ ಪ್ಯಾಕೆಟ್ ಸರಿಯಾಗಿ ಹರಿಯಲ್ಲ, ನನಗೆ ಹೇಳೋಕೆ ಬಂದ."

"ಹಾಗಾದ್ರೆ ಗವಸು ಒದ್ದೆ ಮಾಡ್ಕೊಂಡಿರ್ತೀಯ."

ಅಕ್ಕ ಬಾಗಿಲ ಕಡೆ ತಿರುಗಿದಳು. ನೂರಪ್ಪ ಬಿಡದೆ ಕಾಡಿ ಕೊನೆಗೆ ಒಂದು ದಿನದ ಮಟ್ಟಿಗೆ ರಜೆ ಹಾಕಲು ಅವಳನ್ನು ಒಪ್ಪಿಸಿದ. ಹೋಗುವಾಗ ಅವಳು ತಿರುಗಿ ನೋಡಿದ ನೋಟ ನೂರಪ್ಪನಿಗೆ ಚಿಕ್ಕಂದಿನಿಂದ ಪರಿಚಯ. ಸಕ್ಕರೆ ಡಬ್ಬಿಯನ್ನು ಇರುವೆ ಖಾಲಿ ಮಾಡಿತು ಎಂದು ಅವನು ಅಮ್ಮನ ಮುಂದೆ ಆಣೆ ಮಾಡಿದಾಗ ಅಕ್ಕ ಬಾಗಿಲಿಗೆ ಒರಗಿ ಹೀಗೆಯೇ ನೋಡಿದ್ದಳು.

ಮಂಗಳವಾರ ನೂರಪ್ಪನ ಅನುಮಾನ ಕೈಗವಸಿನ ಕಡೆ ತಿರುಗಿತು. ಹೊಲಿಗೆ ವಿಭಾಗದಲ್ಲಿ ಯಾರೋ ಉಣ್ಣೆ ಕದಿಯುತ್ತಿದ್ದಾರೆ. ಒಂದೊಂದು ಗವಸಿನಿಂದ ಒಂದೊಂದು ಚಿಟಿಕೆ ಉಳಿಸಿ ಮನೆಯಲ್ಲಿ ಹಾಸಿಗೆ ತುಂಬಿಸಿಕೊಂಡಿದ್ದಾರೆ. ಇಷ್ಟು ಹೊತ್ತಿಗೆ ಅವರ ಮನೆಮಂದಿಯೆಲ್ಲ ಮೋಡದ ಮೇಲೆ ಮಲಗಿದ ಹಾಗೆ ಮಲಗುತ್ತಿರಬೇಕು. ಹೀಗೆ ಅಂದುಕೊಂಡು ಗೋದಾಮಿನಿಂದ ಕೈಗೆ ಸಿಕ್ಕ ಆರು ಜೊತೆ ತಂದು ಕತ್ತರಿಯಿಂದ ಸೀಳಿ ಮೇಜಿನ ಮೇಲೆ ಹರಡಿದ. ಅವನು ಹೇಳುವುದನ್ನು ಕೇಳಿದರೆ ಆರು ನೂರು ಜೊತೆ. ಉಣ್ಣೆಯ ನಯವಾದ ಎಳೆ ಕೋಣೆಯ ತುಂಬ ಹಾರಿ, ನಾಲ್ಕು ಜನ ಸೀನಿದರು. ಸೀನಿದ ರಭಸಕ್ಕೆ ಗೋಡೆ ಗಡಿಯಾರ ಐದು ನಿಮಿಷ ಮುಂದೆ ಹೋಯಿತು.

ಸೀನಿನ ಸದ್ದಿಗೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಬಾಗಿಲಲ್ಲಿ ಬಂದು ನಿಂತರು. ಮಾತು ಕಮ್ಮಿ, ಕನ್ನಡಕ ದಪ್ಪ.

"ಏನ್ರೀ ಇದು, ಕುರಿ ಕೂದಲು ತೆಗಿತಿದೀರಾ?"

"ಪರೀಕ್ಷೆ ಮೇಡಂ. ಉಣ್ಣೆ ತೂಕ ನೋಡ್ತಿದ್ದೆ."

"ಸರಿ ಇದೆಯಾ?"

ನೂರಪ್ಪ ತಕ್ಕಡಿ ನೋಡಿದ. ಆರಕ್ಕೆ ಆರೂ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

"ಸರಿ ಇದೆ."

"ಮತ್ತೆ ಇದ್ದಕ್ಕಿದ್ದ ಹಾಗೆ ಯಾಕೆ ಅನುಮಾನ? ನಿಮ್ಮ ಲೆಕ್ಕ ಅಳತೆ ಎರಡೂ ಅಷ್ಟು ಚೆನ್ನಾಗಿ ಕೂತಿದೆಯಲ್ಲ. ನಾನು ಇಪ್ಪತ್ತು ವರ್ಷದಲ್ಲಿ ಇಷ್ಟು ಹೊಂದಿಕೆ ಎಲ್ಲೂ ನೋಡಿಲ್ಲ." ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಶನಿವಾರದ ಮೊದಲು ಆ ಹನ್ನೆರಡು ಜನರನ್ನ ನಾನೂ ಒಂದ್ಸಲ ಮಾತಾಡಿಸಲಾ?"

"ಅವರೆಲ್ಲ ಈಗ ಎಲ್ಲಿರ್ತಾರೋ ಮೇಡಂ. ಒಬ್ಬೊಬ್ಬರು ಒಂದೊಂದು ದಿಕ್ಕು."

ಮೇಡಂ ಹೋದರು. ನೂರಪ್ಪನಿಗೆ ಅವರ ಮೇಲೂ ಅನುಮಾನ ಬಂತು. ಇಪ್ಪತ್ತು ವರ್ಷದಲ್ಲಿ ನೋಡಿಲ್ಲ ಎಂದದ್ದು ಹೊಗಳಿಕೆಯೋ, ಕೊಕ್ಕೆಯೋ? ಹೊಗಳಿಕೆಯಾದರೆ ಕನ್ನಡಕ ಯಾಕೆ ಸರಿಮಾಡಿಕೊಂಡರು?

ಬುಧವಾರ ಅನುಮಾನ ಕೋಲ್ಡ್ ಸ್ಟೋರೇಜಿನ ಸೂಪರ್‌ವೈಸರ್ ಮೇಲೆ ಬಂತು. ಆತ ಗಟ್ಟಿ ದನಿಯ ಆಳು, ಹೊಟ್ಟೆ ಅವನಿಗಿಂತ ಎರಡು ಕ್ಷಣ ಮೊದಲು ಬಾಗಿಲೊಳಗೆ ಬರುತ್ತಿತ್ತು. ಮೀನು ಚೆನ್ನಾಗಿರಲೆಂದು ಚಳಿಯನ್ನು ಇಪ್ಪತ್ತಕ್ಕೆ ಬದಲು ಮೂವತ್ತಕ್ಕೆ ಇಳಿಸಿರುತ್ತಾನೆ, ಮೀಟರು ಮಾತ್ರ ಇಪ್ಪತ್ತು ತೋರಿಸುವ ಹಾಗೆ ತಿರುಚಿರುತ್ತಾನೆ ಎಂದು ನೂರಪ್ಪ ನಿರ್ಧರಿಸಿದ. ಪ್ರಯೋಗಾಲಯದ ಥರ್ಮಾಮೀಟರನ್ನು ಕಾಲುಚೀಲದೊಳಗೆ ಅಡಗಿಸಿಕೊಂಡು, ಹೊಸ ಗವಸಿನ ಗುಣ ನೋಡಲು ಬಂದೆ ಎಂದು ಹೇಳಿ ಬಾಗಿಲಲ್ಲಿ ನಿಂತ.

"ಬನ್ನಿ ಸಾರ್, ಬನ್ನಿ. ಕಾಲು ಯಾಕೆ ಎಳೀತಿದೀರಾ?"

"ಉಳುಕಿದೆ."

"ಉಳುಕು ಹೊಳೀತಿದೆಯಲ್ಲ ಸಾರ್."

ಕಾಲುಚೀಲದ ಅಂಚಿನಿಂದ ಥರ್ಮಾಮೀಟರಿನ ತುದಿ ಇಣುಕುತ್ತಿತ್ತು. ಸೂಪರ್‌ವೈಸರ್ ಅದನ್ನು ಎರಡು ಬೆರಳಿನಲ್ಲಿ ಎಳೆದು ತೆಗೆದು, ನೂರಪ್ಪನ ಕೈಗೇ ಕೊಟ್ಟ.

"ಕೇಳಿದ್ರೆ ನಾನೇ ತೋರಿಸ್ತಿದ್ದೆ. ಕದ್ದು ಅಳೆಯೋಕೆ ಇದೇನು ಹೆಣ್ಣಿನ ಮನೆಯವರ ಸ್ಥಿತಿಗತಿನಾ? ಹೋಗಿ, ಯಾವ ಮೂಲೇಲಿ ಬೇಕೋ ಇಟ್ಟು ನೋಡಿ."

ಒಳಗಿನ ಚಳಿ ಎಂಥದ್ದೆಂದರೆ, ನೂರಪ್ಪನ ನೆರಳು ಬಾಗಿಲವರೆಗೆ ಬಂದು, ನೀನು ಹೋಗಿ ಬಾ, ನಾನು ಇಲ್ಲೇ ಇರುತ್ತೇನೆ ಎಂದು ನಿಂತುಬಿಟ್ಟಿತು. ಅವನು ನಾಲ್ಕು ಮೂಲೆಯಲ್ಲೂ ಅಳೆದ. ಫ್ಯಾನಿನ ಎದುರು ಅಳೆದ. ಪೆಟ್ಟಿಗೆಗಳ ಸಂದಿಯಲ್ಲಿ ಅಳೆದ. ಎಲ್ಲೆಲ್ಲೂ ಇಪ್ಪತ್ತು. ಗುಡ್ಡ ಅಗೆದು ಇಲಿಯನ್ನೂ ಹಿಡಿಯಲಿಲ್ಲ.

ಟೇಪು ಹಚ್ಚುವ ಮೇಜಿನ ಸುತ್ತ ಏಳೆಂಟು ಹೆಂಗಸರಿದ್ದರು. ಅವರ ನಡುವೆ ಅಕ್ಕ. ಒಂದು ದಿನಕ್ಕಿಂತ ಹೆಚ್ಚು ರಜೆ ಅವಳಿಗೆ ಸಿಕ್ಕಿರಲಿಲ್ಲ. ಬಲಗೈ ಜೇಬಿನಲ್ಲಿಟ್ಟು ಎಡಗೈಯಲ್ಲಿ ಪೆಟ್ಟಿಗೆ ತಳ್ಳುತ್ತಿದ್ದಳು.

"ನಿನ್ನ ತಮ್ಮನಾ ಇವರು? ಲಕ್ಷ ಬೆರಳು ಅಳೆದೋರು?" ಎಂದಳು ಒಬ್ಬಳು.

"ಹೌದು. ಬೆರಳು ಕೊಟ್ರೆ ಹಸ್ತ ನುಂಗೋನು" ಎಂದಳು ಅಕ್ಕ.

ನೂರಪ್ಪ ಮಾತಿನಲ್ಲಿ ಗೆಲ್ಲುವುದು ಬೇಡವೆಂದು ಕೈಯಲ್ಲಿ ಗೆಲ್ಲಲು ಹೊರಟ. ಹೊಸ ಗವಸು ತೊಟ್ಟ, ಗಡಿಯಾರ ನೋಡಿಕೊಂಡ, ಟೇಪು ಹಿಡಿದ. "ಐವತ್ತು ನಿಮಿಷ ಇಲ್ಲೇ ನಿಲ್ತೀನಿ. ನೋಡೋಣ."

ಹತ್ತು ನಿಮಿಷಕ್ಕೆ ಬೆರಳು ಚುಚ್ಚತೊಡಗಿತು. ಹದಿನೆಂಟಕ್ಕೆ ಮೊದ್ದಾಯಿತು. ಇಪ್ಪತ್ತೆರಡಕ್ಕೆ ಬೆರಳ ಬುಡದಿಂದ ತುದಿಗೆ ಬಿಸಿ ಹರಿದು, ಯಾರೋ ಒಳಗೆ ಒಲೆ ಹಚ್ಚಿದ ಹಾಗಾಯಿತು. ಐವತ್ತಕ್ಕೆ ಗವಸು ಬಿಚ್ಚಿದರೆ ಹತ್ತೂ ಬೆರಳು ಗುಲಾಬಿ ಬಣ್ಣ.

"ಕಂಡ್ರಾ!" ಎಂದು ಕೈಯೆತ್ತಿ ಎಲ್ಲರಿಗೂ ತೋರಿಸಿದ.

ಯಾರೂ ಬೆರಗಾಗಲಿಲ್ಲ. ವಯಸ್ಸಾದ ಹೆಂಗಸೊಬ್ಬಳು ಟೇಪು ಕತ್ತರಿಸುತ್ತ, "ಇವರದ್ದು ತೆರೆದ ಕೈ" ಎಂದಳು, ಸೊಪ್ಪಿನ ಕಟ್ಟು ನೋಡಿ ಎಳೇದು ಎನ್ನುವ ಹಾಗೆ.

"ಹಾಗಂದ್ರೆ?"

"ಒಬ್ಬೊಬ್ಬರ ಬೆರಳು ಚಳೀಲಿ ಸ್ವಲ್ಪ ಹೊತ್ತಾದ್ಮೇಲೆ ಉಸಿರಾಡತ್ತೆ. ಒಳಗಿಂದ ಬಿಸಿ ಬರತ್ತೆ. ನನಗೆ ಕಾಲು ಗಂಟೆಗೇ ಬರತ್ತೆ. ಇವಳಿಗೆ ಅರ್ಧ ಗಂಟೆ ಬೇಕು. ಅಗೋ, ಆ ಕೆಂಪು ಸ್ಕಾರ್ಫಿನವಳಿಗೆ ಎರಡೆರಡು ಸಲ. ನಿಮ್ಮ ಅಕ್ಕಂಗೆ ಬರೋದೇ ಇಲ್ಲ. ಅವಳದ್ದು ಮುಚ್ಚಿದ ಕೈ."

"ಮುಂಚೆ ಮುಚ್ಚಿದ ಕೈಯವರ ಪಕ್ಕ ತೆರೆದ ಕೈಯವರನ್ನ ನಿಲ್ಲಿಸ್ತಿದ್ವಿ" ಎಂದಳು ಕೆಂಪು ಸ್ಕಾರ್ಫಿನವಳು. "ಇಪ್ಪತ್ತು ನಿಮಿಷ ಆದ್ಮೇಲೆ ಅವರು ಬರೀ ಪೆಟ್ಟಿಗೆ ತಳ್ಳೋದು, ನಾವು ಟೇಪು. ಆಗಾಗ ಹೊರಗೆ ಹೋಗಿ ಕೈ ಕಾಯಿಸ್ಕೊಂಡು ಬರೋರು. ಹಲಗೆ ಬಂದ್ಮೇಲೆ ಜೋಡಿ ಇಲ್ಲ, ಏನಿಲ್ಲ. ಎಲ್ಲರಿಗೂ ಐವತ್ತು ಅಂದಮೇಲೆ ಎಲ್ಲರಿಗೂ ಐವತ್ತು."

ಸೂಪರ್‌ವೈಸರ್ ಹೊಟ್ಟೆ ತಡವಿಕೊಂಡು, "ನಾನೇನು ಮಾಡಲಿ ಸಾರ್? ಹಲಗೆ ಬರೆದಿದ್ದು ನೀವು" ಎಂದ.

ನೂರಪ್ಪನಿಗೆ ಈಗ ಎಲ್ಲರ ಮೇಲೂ ಅನುಮಾನ. ಈ ಹೆಂಗಸರು ಸೇರಿ ಹಳೆಯ ಮೂವತ್ತನ್ನೇ ತರಿಸಲು ಏನೋ ಹೆಣೆದಿದ್ದಾರೆ. ತೆರೆದ ಕೈಯಂತೆ, ಮುಚ್ಚಿದ ಕೈಯಂತೆ. ಕೈ ಏನು ಕಿರಾಣಿ ಅಂಗಡಿಯೇ, ಹೊತ್ತು ನೋಡಿ ಬಾಗಿಲು ಹಾಕಲು? ಮನೆಗೆ ಹೋಗುವ ದಾರಿಯುದ್ದಕ್ಕೂ ಹೀಗೆಯೇ ಗೊಣಗಿಕೊಂಡ. ಆದರೆ ಗೊಣಗು ಎಷ್ಟು ಜೋರಾದರೂ ಅದರ ಕೆಳಗೆ ಏನೋ ಒಂದು ಸಣ್ಣಗೆ ಕೊರೆಯುತ್ತಿತ್ತು. ಅದು ಯಾವ ಥರ್ಮಾಮೀಟರಿಗೂ ಸಿಗುವಂಥದ್ದಲ್ಲ.

ಶುಕ್ರವಾರ ಮಧ್ಯಾಹ್ನ ಅಕ್ಕ ಹೇಳದೆ ಕೇಳದೆ ಪ್ರಯೋಗಾಲಯಕ್ಕೇ ಬಂದಳು. ಬಲಗೈಗೆ ಬಿಳಿ ಪಟ್ಟಿ.

"ನಿನ್ನೇನೂ ಒಳಗೆ ಹೋಗಿದ್ದೆ. ಮೂವತ್ತೈದು ನಿಮಿಷ ಆದ್ಮೇಲೆ ಕೈಯಿಂದ ಪೆಟ್ಟಿಗೆ ಜಾರಿ ಕಾಲ ಮೇಲೆ ಬಿತ್ತು. ಹಿಡ್ಕೊಂಡಿದೀನಿ ಅಂದ್ಕೊಂಡಿದ್ದೆ" ಎಂದಳು. "ಡಾಕ್ಟ್ರು ಇನ್ನು ಒಳಗೆ ಕಾಲಿಡಬೇಡ ಅಂದಿದಾರೆ. ನನ್ನ ಮಾತು ಬಿಡು. ನಾಳೆ ನಲವತ್ತು ಕಡೆ ಈ ಹಲಗೆ ಹೋಗತ್ತಂತೆ, ನಿಜಾನಾ?"

"ಹೌದು."

"ಅಲ್ಲೂ ನನ್ನ ಥರದ ಕೈ ಇರತ್ತೆ."

"ಅಕ್ಕ, ಹನ್ನೆರಡು ಜನರ ಸರಾಸರಿ ಅದು. ಒಬ್ಬಿಬ್ಬರು ಹೆಚ್ಚು ಕಡಿಮೆ..."

"ಸೋಮವಾರ ಹನ್ನೆರಡು ಸಾವಿರ ಇತ್ತು. ನಾಲ್ಕು ದಿನದಲ್ಲಿ ಮಿಕ್ಕವರೆಲ್ಲ ಎಲ್ಲಿ ಕರಗಿದ್ರು?" ಅಕ್ಕ ಸ್ಟೂಲು ಎಳೆದು ಕೂತಳು. "ಇರಲಿ. ಆ ಹನ್ನೆರಡು ಜನರನ್ನ ತೋರಿಸು."

"ಅವರನ್ನ ಹೇಗೆ ತೋರಿಸಲಿ?"

"ಅವರ ಬೆರಳು ತೋರಿಸು. ಬರೆದುಕೊಂಡಿರ್ತೀಯಲ್ಲ."

ತೋರಿಸದೆ ಇರಬಹುದಿತ್ತು. ಆದರೆ ಜಂಬ ಇದ್ದವನಿಗೆ ತನ್ನ ಕೆಲಸ ತೋರಿಸು ಎಂದು ಯಾರಾದರೂ ಕೇಳಿದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ನೂರಪ್ಪ ಕಂಪ್ಯೂಟರು ತೆರೆದ. ಪರದೆಯ ಮೇಲೆ ಹನ್ನೆರಡು ಬಣ್ಣದ ಹನ್ನೆರಡು ಗೆರೆ ಬಂತು. ಅಡ್ಡಕ್ಕೆ ನಿಮಿಷ, ಉದ್ದಕ್ಕೆ ಶಾಖ. ಗೆರೆ ಹೇಗೆ ಓದಬೇಕೆಂದು ಅಕ್ಕನಿಗೆ ಹೇಳಿಕೊಟ್ಟವನೂ ಅವನೇ. ಎಡದಿಂದ ಬಲಕ್ಕೆ ಹೊತ್ತು ಹೋಗುತ್ತದೆ, ಗೆರೆ ಕೆಳಗಿಳಿದರೆ ಬೆರಳು ತಣ್ಣಗಾಯಿತು, ಮೇಲೆದ್ದರೆ ಬಿಸಿಯಾಯಿತು.

ಅಕ್ಕ ಕುತ್ತಿಗೆ ಮುಂದೆ ಚಾಚಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎಡಗೈ ಬೆರಳಿನಿಂದ ಪರದೆಯ ಮೇಲೆ ಒಂದು ಜಾಗ ಮುಟ್ಟಿದಳು.

"ಇಲ್ಲಿ ಎಷ್ಟನೇ ನಿಮಿಷ?"

"ಇಪ್ಪತ್ತೆರಡು."

"ಇಲ್ಲಿ ಗೆರೆ ಮೇಲೆ ಏಳತ್ತೆ. ಅಂದ್ರೆ ಬೆರಳು ಉಸಿರಾಡ್ತು."

"ಹೌದು."

"ಈ ನೀಲಿಯವನಿಗೂ ಇಪ್ಪತ್ತೆರಡಕ್ಕೆ. ಈ ಹಸಿರು?"

"ಅದೂ... ಸುಮಾರು ಇಪ್ಪತ್ತೆರಡು."

"ಕಿತ್ತಳೆ?"

ಅಕ್ಕ ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿದಳು. ಹನ್ನೆರಡೂ ಗೆರೆ ಒಂದೇ ಜಾಗದಲ್ಲಿ, ಕವಾಯತಿನಲ್ಲಿ ಕಾಲೆತ್ತಿದ ಸಿಪಾಯಿಗಳ ಹಾಗೆ, ಒಟ್ಟಿಗೆ ಎದ್ದಿದ್ದವು.

"ನೋಡೋ," ಅಕ್ಕ ದನಿ ಏರಿಸಲಿಲ್ಲ. "ನಾನು ಓದಿದ್ದು ಕಮ್ಮಿ. ಆದ್ರೆ ಹದಿನಾರು ವರ್ಷದಲ್ಲಿ ಆ ಮೇಜಿನ ಹತ್ರ ನೂರಾರು ಕೈ ನೋಡಿದೀನಿ. ಇದು ನಿಜವಾದ ನೂರು, ನಿನ್ನ ನೂರಲ್ಲ. ಎರಡು ಕೈ ಒಂದೇ ಹೊತ್ತಿಗೆ ಉಸಿರಾಡಿದ್ದು ನಾನು ಕಂಡಿಲ್ಲ. ಅವಳಿಜವಳಿ ಬಂದಿದ್ರು ಒಂದ್ಸಲ, ಅವರಿಬ್ಬರದ್ದೂ ಬೇರೆ ಬೇರೆ ಹೊತ್ತು. ಐದು ಬೆರಳೂ ಒಂದೇ ಸಮ ಇರಲ್ಲ ಅಂತಾರೆ, ನಿನ್ನ ಹನ್ನೆರಡು ಜನ ಮಾತ್ರ ಒಂದೇ ಸಮ ಹೇಗಾದ್ರು?"

"ಅದೇನಂದ್ರೆ ಅಕ್ಕ, ಆ ದಿನ ನಮ್ಮ ಪ್ರಯೋಗಾಲಯದ ಚಳಿಕೋಣೆಯ ಫ್ಯಾನು..."

"ಅದರಲ್ಲಿ ಒಂದೂ ಮುಚ್ಚಿದ ಕೈ ಇಲ್ಲ."

"ಕಾಕತಾಳೀಯ..."

"ಬುಧವಾರ ನೀನು ನಮ್ಮ ಜೊತೆ ನಿಂತಿದ್ಯಲ್ಲ. ಇಪ್ಪತ್ತು ದಾಟಿ ಎರಡು ನಿಮಿಷಕ್ಕೆ ನಿನ್ನ ಮುಖ ಅರಳ್ತು. ನಾನು ನೋಡ್ತಾನೇ ಇದ್ದೆ. ಪಕ್ಕದವಳಿಗೆ ಹೇಳಿದೆ, ಇವನಿಗೆ ಬಂತು ನೋಡು ಅಂತ. ನನ್ನ ಮುಖ ನೋಡಿ ಹೇಳು. ಎಷ್ಟು ಜನ?"

ನೂರಪ್ಪನ ಬಾಯಲ್ಲಿ ಆ ಕ್ಷಣಕ್ಕೆ ಹದಿನೇಳು ಸುಳ್ಳು ಸಾಲುಗಟ್ಟಿ ನಿಂತಿದ್ದವು. ಒಂದಕ್ಕಿಂತ ಒಂದು ಚೆಂದ. ಫ್ಯಾನಿನ ಸುಳ್ಳು, ದೂರದ ಊರಿಗೆ ಹೋದ ಹನ್ನೊಂದು ಜನರ ಸುಳ್ಳು, ಅಳಿಸಿಹೋದ ಫೈಲಿನ ಸುಳ್ಳು. ಯಾವುದನ್ನು ಮೊದಲು ಬಿಡಲಿ ಎಂದು ಅವನು ಯೋಚಿಸುತ್ತಿರುವಾಗ ಅಕ್ಕ ಮೇಜಿನ ಮೇಲಿದ್ದ ಪೆನ್ನನ್ನು ಪಟ್ಟಿ ಕಟ್ಟಿದ ಕೈಯಿಂದ ಎತ್ತಲು ನೋಡಿದಳು. ಅವಳ ಬೆರಳು ಪೆನ್ನಿಗೆ ತಾಗಿತು, ಬಾಗಿತು, ಖಾಲಿ ಕೈ ಮೇಲೆ ಬಂತು. ಪೆನ್ನು ಇದ್ದಲ್ಲೇ ಇತ್ತು. ಅಕ್ಕ ಕೈ ನೋಡಿಕೊಂಡಳು, ಮೇಜು ನೋಡಿದಳು, ಏನೂ ಆಗದವಳ ಹಾಗೆ ಎಡಗೈಯಿಂದ ತೆಗೆದುಕೊಂಡಳು.

ಬಾಯಲ್ಲಿ ನಿಂತಿದ್ದ ಸಾಲು ಅಲ್ಲೇ ಕರಗಿತು.

"ಮೊದಲನೇ ದಿನ ಒಬ್ಬ ಬಂದಿದ್ದ" ಎಂದ ನೂರಪ್ಪ. ದನಿ ಅವನಿಗೇ ಬೇರೆಯವರದೆನಿಸಿತು. "ಒಂಬತ್ತು ನಿಮಿಷಕ್ಕೆ ಎದ್ದು ಓಡಿಹೋದ. ಆಮೇಲೆ ಯಾರೂ ಬರಲಿಲ್ಲ. ಊರೆಲ್ಲ ಸಾಲು ನಿಲ್ಲತ್ತೆ ನೋಡ್ತಿರಿ ಅಂತ ಮೇಡಂ ಮುಂದೆ ಹೇಳಿಬಿಟ್ಟಿದ್ದೆ. ಬೆರಳು ಅಂದ್ರೆ ಬೆರಳು ತಾನೆ, ಮೂಳೆ ಮಾಂಸ ಚರ್ಮ, ಯಾರದ್ದಾದ್ರೇನು ಅಂದ್ಕೊಂಡು..."

"ಅಂದ್ಕೊಂಡು?"

"ನಾನೇ ಕೂತೆ."

"ಹನ್ನೆರಡು ಸಲಾನೂ?"

"ಹನ್ನೆರಡು ಸಲಾನೂ. ಪ್ರತಿ ಸಲ ಬೆರಳಿನ ದಪ್ಪ ಸ್ವಲ್ಪ ಬೇರೆ ಮಾಡಿ ಬರೆದೆ. ಒಂದು ಸಲ ಹೆಂಗಸಿನ ಬೆರಳು ಅಂತಾನೂ ಬರೆದಿದೀನಿ."

ಅಕ್ಕ ನಗಲಿಲ್ಲ. ಬೇರೆ ಯಾವಾಗಲಾದರೂ ಆಗಿದ್ದರೆ ಸ್ಟೂಲಿನಿಂದ ಬೀಳುವಷ್ಟು ನಗುತ್ತಿದ್ದಳು.

"ನನ್ನ ಬೆರಳೇ ತಂದು ತೋರಿಸಿದ್ರೂ ನೀನು ನನ್ನ ಮೇಲೇ ಅನುಮಾನ ಪಟ್ಟೆ. ಪಾಪ, ಹೊಲಿಯೋರ ಮೇಲೆ ಪಟ್ಟೆ. ಆ ಹೊಟ್ಟೆ ದೊಡ್ಡವನ ಮೇಲೆ ಪಟ್ಟೆ. ಒಂದು ದಿನಾನಾದ್ರೂ ನಿನ್ನ ಮೇಲೆ ಬರಲಿಲ್ವೇನೋ?"

"ಬುಧವಾರ ದಾರೀಲಿ ಸ್ವಲ್ಪ ಬಂತು."

"ಬಂದಿದ್ದನ್ನ ಏನು ಮಾಡಿದೆ?"

"ಗೊಣಗಿ ಓಡಿಸಿದೆ."

ಅಕ್ಕ ಎದ್ದು ನಿಂತಳು. "ಒಂದೇ ಹೊಟ್ಟೇಲಿ ಹುಟ್ಟಿದ ನಮ್ಮಿಬ್ಬರ ಬೆರಳೇ ಒಂದಲ್ಲ ಕಣೋ. ಊರವರ ಬೆರಳು ನಿನ್ನದಾಗತ್ತಾ? ನಡಿ, ನಿಮ್ಮ ಮೇಡಂ ಎಲ್ಲಿ ಕೂರ್ತಾರೆ?"

"ನಾಳೆ ಬೆಳಿಗ್ಗೆ ನಾನೇ ನಿಧಾನಕ್ಕೆ ಹೇಳ್ತೀನಿ ಅಕ್ಕ. ಕೆಲಸ ಹೋಗತ್ತೆ..."

"ನಾಳೆ ಬೆಳಿಗ್ಗೆ ಹಲಗೆ ಲಾರಿ ಹತ್ತಿರತ್ತೆ. ನಡಿ."

ಮೇಡಂ ಅವರ ಕೋಣೆ ಕಾರಿಡಾರಿನ ಆ ತುದಿಯಲ್ಲಿತ್ತು. ಮೂವತ್ತು ಹೆಜ್ಜೆ. ಆ ಮೂವತ್ತನ್ನು ನೂರಪ್ಪ ಮೂರು ಸಾವಿರ ಎಂದುಕೊಂಡು ನಡೆದ, ಆದರೂ ಬಾಗಿಲು ಬೇಗ ಬಂತು. ಮೇಡಂ ತಲೆಯೆತ್ತಿದರು. ಮೇಜಿನ ಮೇಲೆ ಅವನ ವರದಿ ತೆರೆದಿತ್ತು, ಹನ್ನೆರಡು ಗೆರೆಗಳ ಪುಟವೇ. ಇಪ್ಪತ್ತೆರಡರ ಹತ್ತಿರ ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತಿ, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ್ದರು.

"ಕೂತ್ಕೊಳ್ಳಿ" ಎಂದರು ಅಕ್ಕನಿಗೆ. ಪಟ್ಟಿ ಕಟ್ಟಿದ ಕೈ ನೋಡಿದರು. ಆಮೇಲೆ ನೂರಪ್ಪನ ಕಡೆ ತಿರುಗಿದರು. "ಹೇಳಿ. ನಿಜವಾಗ್ಲೂ ಎಷ್ಟು ಜನರನ್ನ ಅಳೆದ್ರಿ?"

"ಅದು ಮೇಡಂ, ಶುರುವಿನಲ್ಲಿ..."

ಹಿಂದಿನಿಂದ ಅಕ್ಕ ಕೆಮ್ಮಿದಳು.

"ಒಬ್ಬ" ಎಂದ ನೂರಪ್ಪ. "ಅವನೂ ನಾನೇ. ಹತ್ತು ಬೆರಳೂ ಅಲ್ಲ ಮೇಡಂ. ಶಾಖ ಅಳೆಯೋ ತಂತಿ ಅಂಟಿಸಿದ್ದು ಎಡಗೈ ನಡುಬೆರಳಿಗೆ ಮಾತ್ರ. ಅದೊಂದೇ. ಆ ಐವತ್ತು ಬೇರೆ ಯಾರ ಕೈಗೂ ಸರಿ ಹೋಗಲ್ಲ. ಹಲಗೆ ಕಳಿಸಬೇಡಿ, ಹಾಕಿರೋದನ್ನೂ ಇವತ್ತೇ ತೆಗೆಸಿ."

"ಮತ್ತೆ ಎಷ್ಟು ನಿಮಿಷ ಅಂತ ಬರೆಸಲಿ?"

ಜೀವಮಾನದಲ್ಲಿ ಮೊದಲ ಬಾರಿಗೆ ನೂರಪ್ಪನ ಬಾಯಿಗೆ ಯಾವ ಅಂಕಿಯೂ ಬರಲಿಲ್ಲ.

"ನನಗೆ ಗೊತ್ತಿಲ್ಲ ಮೇಡಂ" ಎಂದ.